ಪ್ರೋಟೀನುಗಳನ್ನು ಜೋಡಿಸುವ ಬಳೆ ಅಣುಗಳು



ಕಲ್ಲುಸಕ್ಕರೆಯ ಒಂದು ತುಂಡನ್ನು ಬೆಳಕಿಗೆ ಹಿಡಿದು ನೋಡಿ. ಮೈ ನುಣುಪು, ಅಂಚು ನೇರ. ಅದರೊಳಗಿನ ಸಕ್ಕರೆಯ ಅಣುಗಳು ಕವಾಯತಿಗೆ ನಿಂತ ಮಕ್ಕಳಂತೆ ಸಾಲುಸಾಲಾಗಿ ನಿಂತಿರುವುದೇ ಇದಕ್ಕೆ ಕಾರಣ. ಹೀಗೆ ಅಣುಗಳು ಕ್ರಮಬದ್ಧವಾಗಿ ಜೋಡಣೆಗೊಂಡ ಘನವಸ್ತುವೇ ಹರಳು. ಸಕ್ಕರೆ, ಉಪ್ಪು, ಮೈಲುತುತ್ತ ಇವೆಲ್ಲ ಸುಲಭವಾಗಿ ಹರಳುಗಟ್ಟುತ್ತವೆ. ಪ್ರೋಟೀನುಗಳು ಹಾಗಲ್ಲ. ಅವುಗಳನ್ನು ಹರಳುಗಟ್ಟಿಸಲು ಬಳೆಯಾಕಾರದ ಕೆಲವು ಅಣುಗಳು ಹೇಗೆ ನೆರವಾಗುತ್ತವೆ ಎಂಬುದು ಇಂದಿನ ವಿಷಯ.

ಪ್ರೋಟೀನಿನ ಹರಳು ನಮಗೇಕೆ ಬೇಕು? ಒಂದೇ ಒಂದು ಅಣುವಿನಿಂದ ಚದುರುವ ಕ್ಷ-ಕಿರಣ ತೀರ ಕ್ಷೀಣ. ಹರಳಿನಲ್ಲಾದರೋ ಕೋಟಿಗಟ್ಟಲೆ ಅಣುಗಳು ಕ್ರಮ ತಪ್ಪದೆ ನಿಂತಿರುತ್ತವೆ. ಅವುಗಳಿಂದ ಚದುರಿದ ಕಿರಣಗಳು ಕೂಡಿ ಸ್ಪಷ್ಟವಾದ ಚುಕ್ಕೆಗಳಾಗುತ್ತವೆ. ಆ ಚುಕ್ಕೆಗಳಿಂದ ಪರಮಾಣುಗಳ ಸ್ಥಾನವನ್ನು ಲೆಕ್ಕ ಹಾಕಬಹುದು. 1958ರಲ್ಲಿ ಜಾನ್ ಕೆಂಡ್ರೂ ಮಯೋಗ್ಲೋಬಿನ್ನಿನ ರಚನೆಯನ್ನೂ, 1969ರಲ್ಲಿ ಡೊರೊತಿ ಹಾಜ್‌ಕಿನ್ ತಂಡ ಇನ್ಸುಲಿನ್ನಿನ ರಚನೆಯನ್ನೂ ಕಂಡುಕೊಂಡದ್ದು ಹೀಗೆಯೇ. ಹಾಜ್‌ಕಿನ್ ತಂಡದಲ್ಲಿದ್ದ ಎಂ. ವಿಜಯನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯೆಗೆ ನೆಲೆ ಒದಗಿಸಿದರು. ಪ್ರೋಟೀನಿನ ಆಕಾರವನ್ನು ಗಣಕಯಂತ್ರದಿಂದಲೇ ಊಹಿಸುವ ವಿಧಾನಕ್ಕೆ 2024ರ ನೊಬೆಲ್ ಪುರಸ್ಕಾರ ಸಂದಿದೆ, ನಿಜ. ಆದರೂ ಒಂದು ಔಷಧದ ಅಣು ಪ್ರೋಟೀನಿನ ಯಾವ ಮೂಲೆಯಲ್ಲಿ ಹೇಗೆ ಕುಳಿತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಲು ಇಂದಿಗೂ ಹರಳುಗಳ ನೆರವು ಬೇಕು.

ತೊಡಕು ಇರುವುದು ಆಕಾರದಲ್ಲಿ. ನಿಂಬೆಹಣ್ಣುಗಳನ್ನು ಒಪ್ಪವಾಗಿ ಪೇರಿಸಬಹುದು. ಶುಂಠಿಯನ್ನು ಹಾಗೆ ಪೇರಿಸಲು ಸಾಧ್ಯವೇ? ಪ್ರೋಟೀನಿನ ಅಣುವೂ ಶುಂಠಿಯಂತೆಯೇ ಉಬ್ಬುತಗ್ಗಿನದು. ಜೊತೆಗೆ ಅದರ ಕೆಲವು ಭಾಗಗಳು ಅಲುಗಾಡುತ್ತಲೂ ಇರುತ್ತವೆ. ಎರಡು ಪ್ರೋಟೀನುಗಳ ನಡುವೆ ಆಸರೆಯಾಗಬಲ್ಲ ಸ್ಥಳಗಳು ಕೆಲವೇ. ಆದ್ದರಿಂದ ಉಪ್ಪಿನ ಪ್ರಮಾಣ, ಆಮ್ಲೀಯತೆ, ಉಷ್ಣತೆ ಇವನ್ನು ಬದಲಿಸುತ್ತ ನೂರಾರು ಹನಿಗಳನ್ನಿಟ್ಟು ಕಾಯುವುದು ರೂಢಿ. ಹರಳು ಮೂಡಿದರೆ ಪುಣ್ಯ!

ಪ್ರೋಟೀನುಗಳ ನಡುವೆ ಅಂಟಿನಂತೆ ಕೆಲಸ ಮಾಡುವ ಅಣುವೊಂದನ್ನು ನಾವೇ ಸೇರಿಸಿದರೆ ಹೇಗೆ? ಇಲ್ಲಿ ಬಳೆ ಅಣುಗಳು ಬರುತ್ತವೆ. ಸಣ್ಣ ಸಣ್ಣ ಘಟಕಗಳು ಕೈಕೈ ಹಿಡಿದು ಸುತ್ತು ಕಟ್ಟಿದಾಗ ಆಗುವ ದೊಡ್ಡ ವಲಯದ ಅಣುಗಳಿವು. ಕ್ಯಾಲಿಕ್ಸರೀನ್ ಬಟ್ಟಲಿನಂತಿದೆ, ಅದಕ್ಕೆ ಹೆಸರು ಬಂದದ್ದು ಗ್ರೀಕರ ಒಂದು ಪಾತ್ರೆಯಿಂದ. ಕುಕುರ್ಬಿಟುರಿಲ್ ಕುಂಬಳಕಾಯಿಯಂತಿದೆ, ಅದರ ಹೆಸರು ಕುಂಬಳದ ಸಸ್ಯಕುಟುಂಬದ ಲ್ಯಾಟಿನ್ ಹೆಸರಿನಿಂದ ಬಂದಿದೆ. ಎರಡರ ಒಳಗೂ ಪೊಳ್ಳು ಇದೆ.

ಈಗ ಲೈಸೀನ್ ಎಂಬ ಅಮೈನೋ ಆಮ್ಲವನ್ನು ನೆನಪಿಸಿಕೊಳ್ಳಿ. ಅದರ ಉದ್ದನೆಯ ಬಾಲದ ತುದಿಯಲ್ಲಿ ಧನ ವಿದ್ಯುದಾವೇಶವಿರುತ್ತದೆ. ಕ್ಯಾಲಿಕ್ಸರೀನಿನ ಅಂಚಿಗೆ ಸಲ್ಫೋನೇಟ್ ಗುಂಪುಗಳನ್ನು ಸೇರಿಸಿದರೆ ಅದು ನೀರಿನಲ್ಲಿ ಕರಗುತ್ತದೆ, ಋಣ ಆವೇಶವನ್ನೂ ಪಡೆಯುತ್ತದೆ. ಪ್ರೋಟೀನಿನ ಮೈಯಿಂದ ಚಾಚಿಕೊಂಡ ಲೈಸೀನಿನ ಬಾಲ ಈ ಬಟ್ಟಲಿನೊಳಗೆ ಹೊಗುತ್ತದೆ. ಬಟ್ಟಲಿನ ಹೊರಮೈ ಪಕ್ಕದ ಇನ್ನೊಂದು ಪ್ರೋಟೀನಿಗೆ ತಾಗುತ್ತದೆ. ಜೋಡಣೆ ಆರಂಭವಾಯಿತು!

ಐರ್ಲೆಂಡಿನ ಗಾಲ್ವೇ ವಿಶ್ವವಿದ್ಯಾಲಯದ ಪೀಟರ್ ಕ್ರೌಲಿ ಅವರ ತಂಡ 2012ರಲ್ಲಿ ಇದನ್ನು ಹರಳಿನಲ್ಲೇ ತೋರಿಸಿತು. ಅವರು ಆರಿಸಿಕೊಂಡದ್ದು ಜೀವಕೋಶದ ಉಸಿರಾಟದಲ್ಲಿ ಪಾಲುಗೊಳ್ಳುವ ಸೈಟೋಕ್ರೋಮ್-ಸಿ ಪ್ರೋಟೀನನ್ನು. ಅದರ ಮೈಮೇಲೆ ಲೈಸೀನುಗಳು ಹಲವು. ಬಟ್ಟಲುಗಳು ಹಿಡಿದದ್ದು ಕೈಗೆಟುಕುವ ಮೂರನ್ನು ಮಾತ್ರ. ಮುಂದೆ ಎಂಟು ಉಂಗುರಗಳ ದೊಡ್ಡ ಕ್ಯಾಲಿಕ್ಸರೀನನ್ನು ಬಳಸಿದಾಗ 2018ರಲ್ಲಿ ಒಂದು ಸ್ವಾರಸ್ಯ ಕಂಡುಬಂತು. ಮಿತವಾಗಿ ಸೇರಿಸಿದರೆ ಪ್ರೋಟೀನುಗಳು ಒಂದುಗೂಡುತ್ತವೆ. ಅತಿಯಾಗಿ ಸೇರಿಸಿದರೆ ಬೇರೆಯಾಗುತ್ತವೆ. ಯೋಚಿಸಿ ನೋಡಿ: ಅಂಟು ಕಡಿಮೆಯಿದ್ದಾಗ ಒಂದನ್ನೇ ಹಂಚಿಕೊಳ್ಳಬೇಕು, ಆದ್ದರಿಂದ ಹತ್ತಿರ ಬರುತ್ತವೆ. ಪ್ರತಿಯೊಂದಕ್ಕೂ ತನ್ನದೇ ಅಂಟು ಸಿಕ್ಕಿದ ಮೇಲೆ ನೆರೆಯವರ ಹಂಗೇಕೆ?

ಇನ್ನೊಂದು ಉದಾಹರಣೆ ನಮ್ಮ ರೈತರಿಗೆ ಹತ್ತಿರದ್ದು. ಟೊಮ್ಯಾಟೊ, ಬದನೆ, ಶುಂಠಿ ಬೆಳೆಗಳಿಗೆ ಸೊರಗು ರೋಗ ತರುವ ರಾಲ್ಸ್ಟೋನಿಯ ಬ್ಯಾಕ್ಟೀರಿಯದಲ್ಲಿ ಲೆಕ್ಟಿನ್ ಎಂಬ ಪ್ರೋಟೀನು ಇದೆ. ಮೂರು ಸಮಾನ ಭಾಗಗಳಿರುವ ಈ ಪ್ರೋಟೀನನ್ನೂ ಅದೇ ದೊಡ್ಡ ಕ್ಯಾಲಿಕ್ಸರೀನನ್ನೂ ಬೆರೆಸಿ ದ್ರಾವಣದ ಆಮ್ಲೀಯತೆಯನ್ನು ಬದಲಿಸಿದರೆ, ಬೇರೆ ಬೇರೆ ವಿನ್ಯಾಸದ ಹರಳುಗಳು ದೊರೆಯುತ್ತವೆ. ಕೆಲವು ಒತ್ತಾಗಿರುತ್ತವೆ, ಕೆಲವು ಜೇನುಗೂಡಿನಂತೆ ಪೊಳ್ಳಾಗಿರುತ್ತವೆ. ಇಂಥ ಪೊಳ್ಳುಗಳಲ್ಲಿ ಕಿಣ್ವಗಳನ್ನೋ ಬೇರೆ ಅಣುಗಳನ್ನೋ ಇರಿಸಿ ಕೆಲಸ ಮಾಡಿಸಬೇಕೆಂಬುದು ಸಂಶೋಧಕರ ಆಶಯ.

ಒಂದೇ ಬಳೆ ಎಲ್ಲ ಕೈಗೂ ಹಿಡಿಸದು. ಒಂದು ಪ್ರೋಟೀನಿಗೆ ಒಗ್ಗಿದ ಅಣು ಇನ್ನೊಂದಕ್ಕೆ ಒಗ್ಗದಿರಬಹುದು. ಹನಿಗಳನ್ನಿಟ್ಟು ಕಾಯುವುದು ಇಂದಿಗೂ ತಪ್ಪಿಲ್ಲ. ಆದರೆ ಹಿಂದೆ ಅದೃಷ್ಟಕ್ಕೆ ಬಿಟ್ಟಿದ್ದ ಕೆಲಸಕ್ಕೆ ಈಗ ಕಾರಣಗಳು ಗೊತ್ತಾಗುತ್ತಿವೆ. ಆ ಕಾರಣಗಳಾದರೂ ಯಾವುವು? ಧನ-ಋಣಗಳ ಆಕರ್ಷಣೆ, ಆಮ್ಲೀಯತೆ, ಅಣುವಿನ ಆಕಾರ ಇವೇ. ನಿಮ್ಮ ರಸಾಯನಶಾಸ್ತ್ರದ ಪುಸ್ತಕದಲ್ಲಿರುವ ಪಾಠಗಳೇ! ಇಂದು ಬಿಡುವಾದಾಗ ಲೈಸೀನಿನ ರಚನೆಯನ್ನು ಕಾಗದದ ಮೇಲೆ ಬರೆಯಿರಿ. ಅದರ ಬಾಲವನ್ನು ಹಿಡಿಯಬಲ್ಲ ಬಟ್ಟಲು ಹೇಗಿರಬೇಕೆಂದು ನೀವೇ ಯೋಚಿಸಿ.