ನಾಲಗೆಯಲ್ಲ, ಹಲ್ಲು



ಅಮೆರಿಕದ ಮೇರಿಲ್ಯಾಂಡ್‌ನಲ್ಲಿ, ಚೆಸಪೀಕ್ ಕೊಲ್ಲಿಯ ದಡದಲ್ಲಿ ಕ್ಯಾಲ್ವರ್ಟ್ ಎಂಬ ಕಡಿದಾದ ದಿಬ್ಬಗಳ ಸಾಲಿದೆ. ಒಂದೂವರೆ ಕೋಟಿ ವರ್ಷಗಳ ಹಿಂದೆ ಅದು ಕಡಲಿನ ತಳ. ಅಲೆಗಳು ದಿಬ್ಬವನ್ನು ಕೊರೆದಂತೆಲ್ಲ ಹಳೆಯ ಚಿಪ್ಪುಗಳೂ ಶಾರ್ಕ್ ಹಲ್ಲುಗಳೂ ಮರಳಿಗೆ ಉದುರುತ್ತವೆ. ನೀರಿಳಿದ ಹೊತ್ತಿನಲ್ಲಿ ಜನ ಬಂದು ಮರಳನ್ನು ಜರಡಿ ಹಿಡಿಯುತ್ತಾರೆ. ದಿಬ್ಬದ ಬುಡಕ್ಕೆ ಮಾತ್ರ ಹೋಗಬಾರದು. ಕುಸಿದರೆ ಜೀವಕ್ಕೇ ಸಂಚಕಾರ.

ಸಿಗುವುದು ಹೆಚ್ಚಾಗಿ ಉಗುರಿನಷ್ಟು ಹಲ್ಲು. ಮಣ್ಣಿನ ಖನಿಜ ಹೀರಿ ಕಪ್ಪಾಗಿದೆ, ಇಲ್ಲವೇ ಬೂದು ಬಣ್ಣಕ್ಕೆ ತಿರುಗಿದೆ. ಕೆಲವುಗಳ ಅಂಚಿನಲ್ಲಿ ಗರಗಸದ ಮೊನೆಗಳು ಈಗಲೂ ಬೆರಳಿಗೆ ತಾಗುತ್ತವೆ. ಶಾರ್ಕಿನ ಅಸ್ಥಿಪಂಜರ ಮೃದುವಾದದ್ದು, ಬೇಗ ಕೊಳೆತುಹೋಗುತ್ತದೆ. ಆದರೆ ಜೀವಮಾನವಿಡೀ ಅದು ಉದುರಿಸುವ ಸಾವಿರಾರು ಹಲ್ಲುಗಳು ಗಟ್ಟಿ.

ಇಂಥ ಹಲ್ಲುಗಳನ್ನು ಯುರೋಪಿನ ಜನ ಕಲ್ಲಾದ ಹಾವಿನ ನಾಲಗೆಯೆಂದು ನಂಬಿ, ವಿಷಹಾರಿಯೆಂದು ಕಾಪಿಟ್ಟುಕೊಳ್ಳುತ್ತಿದ್ದರು. 1666ರಲ್ಲಿ ಫ್ಲಾರೆನ್ಸ್ ನಗರದಲ್ಲಿ ನಿಕೋಲಸ್ ಸ್ಟೆನೋ ಎಂಬ ವೈದ್ಯನಿಗೆ ದೊಡ್ಡ ಶಾರ್ಕಿನ ತಲೆಯೊಂದು ಸಿಕ್ಕಿತು. ಅದನ್ನು ಕೊಯ್ದು, ಹಲ್ಲುಗಳನ್ನು ಆ ಕಲ್ಲುಗಳ ಜೊತೆ ಹೋಲಿಸಿ ನೋಡಿದ. ಎರಡೂ ಒಂದೇ ಎಂದು ಮರುವರ್ಷ ಬರೆದ. ಭೂವಿಜ್ಞಾನಕ್ಕೆ ಅದೊಂದು ದೊಡ್ಡ ಮೆಟ್ಟಿಲಾಯಿತು.

ಸ್ಟೆನೋ ಮಾಡಿದ್ದು ಇಷ್ಟೇ: ಎಲ್ಲರೂ ಹೇಳುತ್ತಿದ್ದುದನ್ನು ತಾನೂ ಹೇಳುವ ಮೊದಲು ಕಣ್ಣಾರೆ ನೋಡಿದ. ಮೊಬೈಲಿಗೆ ಬಂದ ಸುದ್ದಿಯನ್ನು ನಾಲ್ಕು ಜನಕ್ಕೆ ದಾಟಿಸುವ ಮುನ್ನ ನಾವೂ ಅಷ್ಟು ಮಾಡಬಹುದಲ್ಲವೇ?