ಕ್ಯಾಂಟೀನಿಗೆ ಬಿಲ್ಲಿಂಗ್ ಮಷಿನ್ ಕೊಳ್ಳುವ ಮುನ್ನ

(ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ಕಿರು ಉದ್ಯಮ ತರಬೇತಿಯಲ್ಲಿ ನಮ್ಮ ಸಂಸ್ಥೆಯ ಸಿಸ್ಟರ್ ಒಬ್ಬರು ಆಡಿದ ಮಾತುಗಳು)



ಉಳಿತಾಯ, ಸಾಲ ಇಷ್ಟಕ್ಕೇ ನಿಲ್ಲದೆ ನಿಮ್ಮಲ್ಲಿ ಅನೇಕರು ಕ್ಯಾಂಟೀನು, ಊಟದ ಮನೆ, ರೊಟ್ಟಿ ಅಂಗಡಿ ಎಂದು ಸ್ವಂತ ಉದ್ಯೋಗಕ್ಕೆ ಇಳಿದಿದ್ದೀರಿ. ಬಹಳ ಸಂತೋಷ. ಈಗ ಸಂಘಕ್ಕೆ ಹೋದಲ್ಲೆಲ್ಲಾ ನನಗೆ ಒಂದೇ ಪ್ರಶ್ನೆ ಬರ್ತಾ ಇದೆ: "ಸಿಸ್ಟರ್, ಬಿಲ್ಲಿಂಗ್ ಮಷಿನ್ ತಗೊಳ್ಳೋಣ್ವಾ? ಯಾವುದು ತಗೊಳ್ಳೋಣ?" ಉತ್ತರ ಹೇಳುವ ಮುಂಚೆ ನಾನು ಮಾಡಿದ ಒಂದು ತಪ್ಪನ್ನು ನಿಮಗೆ ಹೇಳಬೇಕು.

ಬಸ್ ನಿಲ್ದಾಣದ ಹತ್ತಿರ ಹನ್ನೆರಡು ಸದಸ್ಯೆಯರ ಸಂಘವೊಂದು ಕ್ಯಾಂಟೀನ್ ನಡೆಸ್ತಾ ಇತ್ತು. ಬೆಳಿಗ್ಗೆ ಇಡ್ಲಿ, ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾಂಬಾರು. ಗಲ್ಲಾದಲ್ಲಿ ಕೂರುತ್ತಿದ್ದವರು ಏಳನೇ ಕ್ಲಾಸು ಓದಿದ ಒಬ್ಬ ತಾಯಿ. ಸಂಜೆ ಲೆಕ್ಕ ಹಾಕಿದರೆ ಮಾರಿದ ತಿಂಡಿಗೂ ಪೆಟ್ಟಿಗೆಯ ಹಣಕ್ಕೂ ತಾಳೆ ಆಗ್ತಿರಲಿಲ್ಲ. ಒಂದು ದಿನ 200 ರೂಪಾಯಿ ಕಡಿಮೆ, ಇನ್ನೊಂದು ದಿನ 350. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ನೋಡುವ ನೋಟ ಬೇರೆ ಆಯಿತು. ವಾರದ ಸಭೆಯಲ್ಲಿ ಆಕೆ ಅಳುತ್ತಾ, "ನನ್ನ ಮಕ್ಕಳಾಣೆ ಸಿಸ್ಟರ್, ಒಂದು ರೂಪಾಯಿ ಮುಟ್ಟಿಲ್ಲ. ನಾಳೆಯಿಂದ ನಾನು ಬರಲ್ಲ" ಅಂದರು.

ನಾನು ಅವಸರಪಟ್ಟೆ. "ಮಷಿನ್ ತಂದರೆ ಜಗಳ ಮುಗೀತದೆ" ಅಂದೆ. ಪೇಟೆಯಿಂದ ಬಂದ ಏಜೆಂಟರು ದೊಡ್ಡ ಪರದೆಯ ಮಷಿನ್ ತೋರಿಸಿದರು. ಎಲ್ಲಾ ಇಂಗ್ಲಿಷಿನಲ್ಲಿ. ನೆಟ್ ಇದ್ದರೆ ಮಾತ್ರ ಕೆಲಸ, ವರ್ಷಕ್ಕೆ ಒಮ್ಮೆ ಬೇರೆ ಶುಲ್ಕ. ನಾನೇ ಒಪ್ಪಿಸಿದೆ. ಬೆಳಗಿನ ಗಿರಾಕಿ ಹೊತ್ತಿನಲ್ಲಿ ನೆಟ್ ಹೋಗೋದು, ಕರೆಂಟ್ ಹೋಗೋದು. ಆ ತಾಯಿಗೆ ಗುಂಡಿ ಒತ್ತಲಿಕ್ಕೇ ಭಯ. ಒಂದು ತಿಂಗಳೊಳಗೆ ಮಷಿನ್ ಮೇಲೆ ಬಟ್ಟೆ ಮುಚ್ಚಿದರು. ಸಂಘದ ಹಣ ಹೋಯಿತು, ಅನುಮಾನ ಮಾತ್ರ ಹಾಗೇ ಉಳಿಯಿತು. ಆ ಸಭೆಯಲ್ಲಿ ನಾನು ಕ್ಷಮೆ ಕೇಳಿದೆ.

ಆಮೇಲೆ ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆವು. ಹದಿನೈದು ದಿನ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಪ್ಲೇಟಿಗೂ ಗೀಟು ಹಾಕಿದೆವು. ಆಗ ನಿಜ ಹೊರಗೆ ಬಂತು. ಆಟೋದವರು ಉದ್ರಿ ಕುಡಿದ ಟೀ ಬರೆದಿರಲಿಲ್ಲ. ಸದಸ್ಯೆಯರೇ ಮಧ್ಯಾಹ್ನ ಉಂಡ ಊಟ ಲೆಕ್ಕದಲ್ಲಿ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯ, ಗೋಡೆಗೆ ಅಂಟಿಸಿದ್ದ ಸ್ಕ್ಯಾನ್ ಚೀಟಿ ಒಬ್ಬ ಸದಸ್ಯೆಯ ಗಂಡನ ಖಾತೆಯದ್ದು! ಹಣ ಅಲ್ಲಿಗೆ ಹೋಗ್ತಿತ್ತು, ಅವರು ನೆನಪಾದಾಗ ತಂದುಕೊಡ್ತಿದ್ದರು. ಕಳ್ಳರು ಯಾರೂ ಇರಲಿಲ್ಲ, ಇರಲಿಲ್ಲದ್ದು ಬರವಣಿಗೆ.

ಸಹೋದರಿಯರೇ, ಗಲ್ಲಾ ಮಷಿನ್ ಹುಟ್ಟಿದ್ದೇ ಅನುಮಾನದಿಂದ. 1879ರಲ್ಲಿ ಅಮೆರಿಕದ ಓಹಿಯೋ ರಾಜ್ಯದ ಡೇಟನ್ ಊರಿನಲ್ಲಿ ಜೇಮ್ಸ್ ರಿಟ್ಟಿ ಎಂಬ ಮದ್ಯದಂಗಡಿ ಮಾಲೀಕ, ಕೆಲಸದವರು ಹಣ ಕದಿಯುತ್ತಾರೆಂದು ಮೊದಲ ಯಂತ್ರ ಮಾಡಿದ. ಅದು ಮಾಲೀಕ ಆಳಿನ ಮೇಲೆ ಇಟ್ಟ ಕಣ್ಣು. ನಮ್ಮಲ್ಲಿ ಮಾಲೀಕರೂ ನಾವೇ, ದುಡಿಯುವವರೂ ನಾವೇ. ಆದ್ದರಿಂದ ಗಲ್ಲಾದಲ್ಲಿ ಕೂತವಳು ಸಂಜೆ ತಲೆ ಎತ್ತಿ ಮನೆಗೆ ಹೋಗುವಂತೆ ಮಾಡುವ ಮಷಿನ್ ನಮಗೆ ಬೇಕು. ಅದನ್ನು ಆರಿಸುವಾಗ ಈ ವಿಷಯಗಳನ್ನು ನೋಡಿ.

1. ಗಲ್ಲಾದಲ್ಲಿ ಕೂರುವವರ ಕೈಗೇ ಕೊಟ್ಟು ನೋಡಿ. ಏಜೆಂಟರು ಒತ್ತಿ ತೋರಿಸಿದರೆ ಸಾಲದು. ಹತ್ತು ಗಿರಾಕಿ ಬಂದಂತೆ ಮಾಡಿ ನಮ್ಮ ಸದಸ್ಯೆಯೇ ಹತ್ತು ಬಿಲ್ಲು ಹಾಕಲಿ. ಒಂದು ಗುಂಡಿಗೆ ಇಡ್ಲಿ, ಒಂದಕ್ಕೆ ಟೀ ಎಂದು ಇಡಲು ಬರುತ್ತದೆಯೇ, ಕನ್ನಡದಲ್ಲಿ ಬಿಲ್ಲು ಬರುತ್ತದೆಯೇ ಕೇಳಿ.

2. ಕರೆಂಟ್, ನೆಟ್ ಇಲ್ಲದಾಗ ಏನು? ಬ್ಯಾಟರಿ ಇರುವ, ನೆಟ್ ಇಲ್ಲದೆಯೂ ಬಿಲ್ಲು ಕೊಡುವ ಮಷಿನ್ ನಮ್ಮ ಊರಿಗೆ ಸರಿ. ಅಂಗಡಿಯಲ್ಲೇ ಪ್ಲಗ್ ತೆಗೆಸಿ ಪರೀಕ್ಷಿಸಿ.

3. ನಗದು, ಯುಪಿಐ, ಉದ್ರಿ, ಸದಸ್ಯೆಯರ ಊಟ ಇವು ನಾಲ್ಕೂ ಬೇರೆ ಬೇರೆ ಬರಬೇಕು. ರದ್ದು ಮಾಡಿದ ಬಿಲ್ಲುಗಳ ಪಟ್ಟಿಯೂ ಸಂಜೆಯ ವರದಿಯಲ್ಲಿ ಬರಬೇಕು. ಒಬ್ಬರಿಗಿಂತ ಹೆಚ್ಚು ಜನ ಗಲ್ಲಾದಲ್ಲಿ ಕೂರುವುದಾದರೆ ಪ್ರತಿಯೊಬ್ಬರಿಗೂ ಬೇರೆ ಗುಪ್ತ ಸಂಖ್ಯೆ ಇರಲಿ.

4. ಪೂರ್ತಿ ಖರ್ಚು ಕೇಳಿ. ಮಷಿನ್ ಬೆಲೆ ಒಂದೇ ಅಲ್ಲ. ವರ್ಷದ ಶುಲ್ಕ, ರಿಪೇರಿ, ಕಾಗದದ ರೋಲು, ಹಣ ಬಂದಾಗ ಕೂಗಿ ಹೇಳುವ ಪೆಟ್ಟಿಗೆಯ ತಿಂಗಳ ಬಾಡಿಗೆ, ಎಲ್ಲಾ ಬರೆಸಿಕೊಳ್ಳಿ. ಕೆಟ್ಟರೆ ಯಾರು, ಎಷ್ಟು ದಿನದಲ್ಲಿ ಬರುತ್ತಾರೆ? ಶುಲ್ಕ ಕಟ್ಟುವುದು ನಿಲ್ಲಿಸಿದರೆ ನಮ್ಮ ಹಳೆಯ ಲೆಕ್ಕ ನಮಗೆ ಸಿಗುತ್ತದೆಯೇ?

5. ಸ್ಕ್ಯಾನ್ ಚೀಟಿ ಸಂಘದ ಬ್ಯಾಂಕ್ ಖಾತೆಯದ್ದೇ ಇರಲಿ. ಯಾರ ಮನೆಯವರ ಫೋನಿನದ್ದೂ ಬೇಡ. ಒಬ್ಬರ ಸ್ವಂತ ಖಾತೆಗೆ ಸಂಘದ ವ್ಯಾಪಾರದ ಹಣ ಬಂದರೆ, ನಾಳೆ ಉತ್ತರ ಕೊಡಬೇಕಾದವರು ಅವರೊಬ್ಬರೇ.

ಇಲ್ಲಿ ತೆರಿಗೆಯ ಮಾತೂ ಬರುತ್ತದೆ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟದ್ದು ನಿಮಗೆ ನೆನಪಿರಬಹುದು. ಹೆದರಿ ಕೆಲವರು ಸ್ಕ್ಯಾನ್ ಚೀಟಿಯನ್ನೇ ಕಿತ್ತುಹಾಕಿದರು. ಚೀಟಿ ಕಿತ್ತರೆ ಪರಿಹಾರ ಸಿಗುವುದಿಲ್ಲ, ಲೆಕ್ಕ ಇಟ್ಟರೆ ಸಿಗುತ್ತದೆ. ಊಟ ತಿಂಡಿಯ ವ್ಯಾಪಾರ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಇದು ಲಾಭದ ಲೆಕ್ಕವಲ್ಲ, ಒಟ್ಟು ವ್ಯಾಪಾರದ ಲೆಕ್ಕ. ವರ್ಷಪೂರ್ತಿ ದಿನಕ್ಕೆ 5,500 ರೂಪಾಯಿ ವ್ಯಾಪಾರ ಆದರೂ ಆ ಗಡಿ ದಾಟುತ್ತದೆ. ನಗದೂ ಸೇರಿ ದಿನದ ಒಟ್ಟು ಗೊತ್ತಿದ್ದರೆ ಗಡಿ ಹತ್ತಿರ ಬರುವುದು ನಮಗೇ ಮೊದಲು ಗೊತ್ತಾಗ್ತದೆ. ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಮಷಿನಿನಲ್ಲಿ ಆ ಸಾಲು ಬಾರದಂತೆ ಮೊದಲ ದಿನವೇ ತೆಗೆಸಿ. ಆಹಾರ ಸುರಕ್ಷತೆಯ 14 ಅಂಕಿಯ ನೋಂದಣಿ ಸಂಖ್ಯೆಯನ್ನು ಮಾತ್ರ ಬಿಲ್ಲಿನಲ್ಲಿ ಹಾಕಿಸಿ. 2022ರ ಜನವರಿಯಿಂದ ಅದು ಕಡ್ಡಾಯ.

ಇನ್ನೊಂದು ಮಾತು. ಮಷಿನಿಗೆ ನಾವು ಒತ್ತಿದ್ದು ಮಾತ್ರ ಗೊತ್ತು. ಒತ್ತದೆ ಕೊಟ್ಟ ಟೀ ಅದಕ್ಕೆ ಗೊತ್ತಾಗುವುದಿಲ್ಲ. ಅದು ವ್ಯಾಪಾರ ಎಷ್ಟಾಯಿತು ಎಂದು ಹೇಳುತ್ತದೆ. ಅಕ್ಕಿ, ಎಣ್ಣೆ, ಗ್ಯಾಸು, ಕೂಲಿ ಕಳೆದು ಉಳಿದದ್ದೆಷ್ಟು ಎಂಬುದಕ್ಕೆ ನಮ್ಮ ಖರ್ಚಿನ ಪುಸ್ತಕವೇ ಬೇಕು. ಬಿಲ್ಲಿನ ಕಾಗದದ ಅಕ್ಷರ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ. ಆದ್ದರಿಂದ ಪ್ರತಿ ಸಂಜೆ ಇಬ್ಬರು ಕೂತು ಹಣ ಎಣಿಸಿ, ಒಟ್ಟನ್ನು ನಗದು ಪುಸ್ತಕಕ್ಕೆ ಪೆನ್ನಿನಲ್ಲಿ ಬರೆದು, ಇಬ್ಬರೂ ಸಹಿ ಹಾಕಿ.

ಆ ಸಂಘ ಕೊನೆಗೆ ಅಂಗೈ ಅಗಲದ ಪರದೆಯ, ಬ್ಯಾಟರಿ ಇರುವ ಒಂದು ಚಿಕ್ಕ ಮಷಿನ್ ಕೊಂಡಿತು. ಆರಿಸಿದವರು ಆ ತಾಯಿಯೇ. ಈ ಸಲ ನಾನು ಸುಮ್ಮನೆ ಹಿಂದೆ ಕೂತಿದ್ದೆ. ಮೊದಲ ವಾರ ಒಂದು ಸಂಜೆ ಲೆಕ್ಕದಲ್ಲಿ 20 ರೂಪಾಯಿ ಕಡಿಮೆ ಬಂತು. ಆಗ ಒಬ್ಬರು, "ಅಯ್ಯೋ, ನಾನೇ ಎರಡು ಟೀ ಕೊಟ್ಟೆ, ಹೇಳೋಕೆ ಮರೆತೆ ಅಕ್ಕಾ" ಅಂದರು. ಎಲ್ಲರೂ ನಕ್ಕರು. ಅಲ್ಲಿ ಮತ್ತೆ ನಗು ಕೇಳಲಿಕ್ಕೆ ಎಷ್ಟು ತಿಂಗಳು ಬೇಕಾಯಿತು!

ಹಾಗಾಗಿ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಈ ವಾರದ ಸಭೆಯಲ್ಲಿ ಮಷಿನ್ ಕೊಳ್ಳುವ ಠರಾವು ಬೇಡ. ಹದಿನೈದು ದಿನ ಗೀಟು ಹಾಕಿ ಬರೆಯುವ ಠರಾವು ಮಾಡಿ. ಆಮೇಲೆ ಯಾವ ಮಷಿನ್ ಬೇಕು, ಅಥವಾ ಈಗಲೇ ಬೇಕೋ ಬೇಡವೋ ಎಂದು ಆ ನೋಟ್‌ಬುಕ್ಕೇ ಹೇಳುತ್ತದೆ.

ದೇವರು ನಿಮ್ಮ ದುಡಿಮೆಯನ್ನೂ ನಿಮ್ಮ ಒಗ್ಗಟ್ಟನ್ನೂ ಆಶೀರ್ವದಿಸಲಿ.