ಕಲ್ಲಾದ ಮರ, ಉಳಿದ ಕಾನು



ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರು ನಿಂತಿರುವ ಶಾಸನ ಕಂಬದ ಬಗ್ಗೆ ನೀವು ಕೇಳಿರಬಹುದು. 5ನೆಯ ಶತಮಾನದಲ್ಲಿ ಕುಬ್ಜ ಕವಿ ರಚಿಸಿದ ಆ ಶಾಸನ ಕದಂಬ ವಂಶದ ಕತೆ ಹೇಳುತ್ತದೆ. ಆ ಕತೆಯಲ್ಲಿ ಮನೆಯ ಬಳಿ ಬೆಳೆದ, ಮನೆಮಂದಿ ಆರೈಕೆ ಮಾಡಿದ ಕದಂಬ ಮರವಿದೆ. ಆ ವಂಶದ ಸ್ಥಾಪಕ ಮಯೂರಶರ್ಮ ಹೊಕ್ಕು ಕುಳಿತ ಶ್ರೀಪರ್ವತದ ದುರ್ಗಮ ಕಾಡೂ ಇದೆ. ಹೀಗೆ 1500 ವರ್ಷಗಳ ಹಿಂದಿನ ಮರಕ್ಕೂ ಕಾಡಿಗೂ ನಮಗೆ ಬರಹದ ಸಾಕ್ಷಿ ಸಿಕ್ಕಿದೆ. ಬರೆಯುವವರೇ ಇಲ್ಲದ ಕಾಲದ ಕಾಡಿಗೆ ಸಾಕ್ಷಿ ಎಲ್ಲಿದೆ?

ತಾಳಗುಂದದ ಸುತ್ತಲಿನ ಬಂಡೆಗಳನ್ನೇ ಕೇಳೋಣವೆಂದರೆ ಅವು ತೀರಾ ಹಳೆಯವು. ಶಿವಮೊಗ್ಗ ಸೀಮೆಯ ಧಾರವಾಡ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಆಗ ನೆಲದ ಮೇಲೆ ಮರವಿರಲಿ, ಹುಲ್ಲೂ ಇರಲಿಲ್ಲ. ಕುಂಸಿಯ ಸುಣ್ಣಶಿಲೆಯಲ್ಲಿ ಪದರಪದರವಾಗಿ ಕಾಣುವ ಸ್ಟ್ರೊಮಟೊಲೈಟುಗಳು ಅಂದಿನ ಸೂಕ್ಷ್ಮಜೀವಿಗಳ ಗುರುತು. ಭೂಮಿಗೆ ಮರಗಳು ಬಂದದ್ದು 40 ಕೋಟಿ ವರ್ಷಗಳಿಂದ ಈಚೆಗೆ. ಕಾಯಿಯೊಳಗೆ ಬೀಜ ಮುಚ್ಚಿಡದೆ ಶಂಕುಗಳಲ್ಲಿ ಹೊರುವ ಪೈನ್, ದೇವದಾರುಗಳ ಬಳಗ, ಅಂದರೆ ಶಂಕುಧಾರಿಗಳು, ಕಾಣಿಸಿಕೊಂಡದ್ದು ಸುಮಾರು 30 ಕೋಟಿ ವರ್ಷಗಳ ಹಿಂದೆ. (ನಮ್ಮ ಕಡಲತೀರದ ಗಾಳಿಮರ ಸೂಜಿಯಂಥ ಎಲೆ, ಶಂಕುವಿನಂಥ ಕಾಯಿ ತೋರಿಸಿದರೂ ಈ ಬಳಗದ್ದಲ್ಲ, ಅದು ಹೂಬಿಡುವ ಮರ.)

ಹಾಗಾಗಿ ಕಲ್ಲಾದ ಶಂಕುಧಾರಿಯನ್ನು ಕಾಣಲು ನಾವು ತಮಿಳುನಾಡಿಗೇ ಹೋಗಬೇಕು. ಪೆರಂಬಲೂರು ಜಿಲ್ಲೆಯ ಸಾತನೂರಿನಲ್ಲಿ ಸುಮಾರು 18 ಮೀಟರ್ ಉದ್ದದ ಕಾಂಡವೊಂದು ಮಲಗಿದೆ. ಭೂವಿಜ್ಞಾನಿ ಎಂ. ಎಸ್. ಕೃಷ್ಣನ್ ಅದನ್ನು 1940ರಲ್ಲಿ ಗುರುತಿಸಿದರು. ಅದು ಕ್ರಿಟೇಷಿಯಸ್ ಯುಗದ ಮರ, ಡೈನೋಸಾರುಗಳ ಕಾಲದ್ದು. ವಿಶೇಷವೇನೆಂದರೆ ಅದರ ಸುತ್ತಲಿನ ಪದರಗಳಲ್ಲಿ ಸಮುದ್ರಜೀವಿಗಳ ಚಿಪ್ಪುಗಳಿವೆ. ದಡದ ಕಾಡಿನಿಂದ ಕೊಚ್ಚಿಬಂದ ಮರ ಆಳವಿಲ್ಲದ ಸಮುದ್ರದ ಕೆಸರಿನಲ್ಲಿ ಹೂತುಹೋಯಿತು. ಇಂದು ಬಿಸಿಲಿಗೆ ಬಿರಿಯುವ ಆ ನೆಲದಲ್ಲಿ ಅಂದು ಕಡಲಿತ್ತು, ಅದರ ಅಂಚಿನಲ್ಲಿ ಕಾಡಿತ್ತು ಎಂಬೆರಡು ಸಂಗತಿಗಳನ್ನು ಒಂದೇ ಮರ ಹೇಳುತ್ತಿದೆ.

ಮರ ಕಲ್ಲಾಗುವುದು ಹೇಗೆ? ಕೆಸರಿನಡಿ ಗಾಳಿ ಸಿಗದ ಮರ ಬೇಗ ಕೊಳೆಯುವುದಿಲ್ಲ. ನೆಲದ ನೀರಿನಲ್ಲಿ ಕರಗಿದ ಸಿಲಿಕಾ ಅದರ ಕೋಶಕೋಶಕ್ಕೂ ಇಳಿದು ಗಟ್ಟಿಯಾಗುತ್ತದೆ. ಕೋಶದ ಗೋಡೆಗಳ ವಿನ್ಯಾಸ ಹಾಗೆಯೇ ಉಳಿಯುತ್ತದೆ. ಆ ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ ಮರದ ಜಾತಿ ತಿಳಿಯುತ್ತದೆ. ನಿಮ್ಮ ಮನೆಯ ಸಾಗುವಾನಿ ತೊಲೆಯ ತುದಿಯನ್ನು ಒಮ್ಮೆ ಗಮನಿಸಿ. ನೀರು ಸಾಗಿಸುತ್ತಿದ್ದ ಸಣ್ಣ ರಂಧ್ರಗಳು ಉಂಗುರ ಉಂಗುರವಾಗಿ ಬರಿಗಣ್ಣಿಗೇ ಕಾಣುತ್ತವೆ. ಶಂಕುಧಾರಿಯಲ್ಲಿ ಅಂಥ ರಂಧ್ರಗಳಿಲ್ಲ. ಒಂದೇ ಬಗೆಯ ಪುಟ್ಟ ಕೋಶಗಳು ನೇಯ್ಗೆಯ ಎಳೆಗಳಂತೆ ಸಾಲುಗಟ್ಟಿರುತ್ತವೆ. ಬೆಳೆಯಲು ಅನುಕೂಲವಾದ ತಿಂಗಳುಗಳಲ್ಲಿ ಕೋಶ ದೊಡ್ಡದು, ಗೋಡೆ ತೆಳು. ಚಳಿಯೋ ಬರವೋ ಹತ್ತಿರವಾದಂತೆ ಕೋಶ ಕಿರಿದು, ಗೋಡೆ ದಪ್ಪ. ಉಂಗುರಗಳು ಸ್ಪಷ್ಟವಾಗಿದ್ದರೆ ಅಲ್ಲಿ ಋತುಗಳು ಬದಲಾಗುತ್ತಿದ್ದವು. ಉಂಗುರವೇ ಇಲ್ಲದಿದ್ದರೆ ವರ್ಷವಿಡೀ ಬೆಚ್ಚಗೆ, ಒದ್ದೆಯಾಗಿತ್ತೆಂದು ಊಹಿಸಬಹುದು. ಕೆನಡಾದ ಉತ್ತರ ತುದಿಯ ಆಕ್ಸೆಲ್ ಹೈಬರ್ಗ್ ದ್ವೀಪದಲ್ಲಿ ಇಂದು ಒಂದು ಮರವೂ ಬೆಳೆಯುವುದಿಲ್ಲ. ಅಲ್ಲಿ ಸುಮಾರು 4.5 ಕೋಟಿ ವರ್ಷ ಹಳೆಯ ಶಂಕುಧಾರಿಗಳ ಬೊಡ್ಡೆಗಳು ಸಿಕ್ಕಿವೆ, ಅದೂ ಕಲ್ಲಾಗದೆ, ಮರವಾಗಿಯೇ. ಧ್ರುವದ ಹತ್ತಿರವೂ ಒಮ್ಮೆ ಜೌಗು ಕಾಡಿತ್ತು ಎನ್ನಲು ಇದಕ್ಕಿಂತ ನೇರ ಪುರಾವೆ ಬೇಕಿಲ್ಲ.

ತಮಿಳುನಾಡಿನದೇ ಇನ್ನೊಂದು ಜಾಗ ವಿಳುಪ್ಪುರಂ ಜಿಲ್ಲೆಯ ತಿರುವಕ್ಕರೈ. ಅಲ್ಲಿನ ಕಲ್ಲುಮರಗಳಿಗೆ ಸುಮಾರು 2 ಕೋಟಿ ವರ್ಷ. ಹೆಚ್ಚಿನವು ಹೂಬಿಡುವ ಮರಗಳಾದರೂ ನಡುವೆ ಶಂಕುಧಾರಿಯೂ ಇದೆ. ಲಖನೌದ ಸಸ್ಯವಿಜ್ಞಾನಿ ಬೀರಬಲ್ ಸಾಹ್ನಿ 1931ರಲ್ಲಿ ಭಾರತದ ಶಂಕುಧಾರಿ ಪಳೆಯುಳಿಕೆಗಳನ್ನು ಮರುಪರಿಶೀಲಿಸಿದಾಗ ಅದನ್ನೂ ಸೇರಿಸಿದ್ದರು. ಬೆಂಗಳೂರಿನ ಲಾಲ್‌ಬಾಗಿನಲ್ಲಿಟ್ಟಿರುವ ಕಲ್ಲುಮರ ಬಂದಿರುವುದೂ ತಿರುವಕ್ಕರೈಯಿಂದಲೇ. ಲಾಲ್‌ಬಾಗಿಗೆ ಹೋದವರು ಅದನ್ನು ನೋಡದೆ ಬರಬಾರದು ಎನ್ನುವುದು ನನ್ನ ಮಾತು. ಇಷ್ಟು ಹಳೆಯ ಬಳಗದಲ್ಲಿ ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುತ್ತ ಉಳಿದಿರುವುದು ಒಂದೇ ಜಾತಿ, ನಗೇಯಾ ವಾಲಿಚಿಯಾನಾ. ಸೂಜಿಯ ಬದಲು ಅಗಲವಾದ ಎಲೆಯಿರುವ ಈ ಮರ ದಕ್ಷಿಣದ ಪಶ್ಚಿಮಘಟ್ಟದ ತೇವದ ಮಳೆಕಾಡುಗಳಲ್ಲಿದೆ.

ಕಲ್ಲುಮರ ಇಲ್ಲದ ನಮ್ಮ ಸೀಮೆಗೆ ಬೇರೆ ಸಾಕ್ಷಿಗಳಿವೆ. ಕಾರವಾರದ ಆಚೆ ಸಮುದ್ರತಳದಿಂದ ತೆಗೆದ ಕೆಸರಿನಲ್ಲಿ ಘಟ್ಟದ ಕಾಡುಗಳ ಪರಾಗವಿತ್ತು. ಅದನ್ನು ಪರೀಕ್ಷಿಸಿದ ಕಾರತೀನಿ ಮತ್ತು ಸಂಗಡಿಗರು, ಸುಮಾರು 3500 ವರ್ಷಗಳಿಂದ ಈಚೆಗೆ ಇಲ್ಲಿನ ಹವೆಯಲ್ಲಿ ತೇವ ಕಡಿಮೆಯಾಯಿತೆಂದು 1994ರಲ್ಲಿ ಪ್ರಕಟಿಸಿದರು. ಕೇರಳದ ಸಾಗುವಾನಿ ಮರಗಳ ಉಂಗುರಗಳಿಂದ 1481ರಿಂದ 2003ರವರೆಗಿನ ಮುಂಗಾರಿನ ಬರಗಳ ಜಾಡು ಸಿಕ್ಕಿದೆ. ಇನ್ನು ಸೊರಬದ ಕಾನುಗಳು: ಎಲೆ ಉದುರುವ ಕಾಡಿನ ನಡುವೆ ವರ್ಷವಿಡೀ ಹಸಿರಾಗಿರುವ ತುಂಡುಗಳು. ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ಇವುಗಳ ಬಗ್ಗೆ ವರದಿ ಬರೆದಿದ್ದರು. ಹಿಂದೆ ಇನ್ನೂ ವಿಸ್ತಾರವಾಗಿದ್ದ ನಿತ್ಯಹಸಿರು ಕಾಡಿನ ಉಳಿಕೆಗಳಿವು ಎಂದು ಪರಿಸರ ವಿಜ್ಞಾನಿಗಳು ಹೇಳುತ್ತಾರೆ. ದೇವರ ಹೆಸರಿನಲ್ಲಿ, ಕಾಳುಮೆಣಸಿನ ಆಸೆಯಲ್ಲಿ ಊರವರು ಕಾಪಾಡದೇ ಹೋಗಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ.

ಶಿಕಾರಿಪುರ, ಸೊರಬದ ಕಡೆಯ ಕೇಳುಗರಲ್ಲಿ ಒಂದು ಕೋರಿಕೆ. ಬಾವಿ ತೋಡುವಾಗಲೋ ಕೆರೆಯ ಹೂಳು ತೆಗೆಯುವಾಗಲೋ ಆಳದಲ್ಲಿ ಕರಿ ಮರದ ತುಂಡು ಸಿಕ್ಕರೆ ಅದೂ ಹಳೆಯ ಕಾಡಿನ ಸಾಕ್ಷಿಯಾಗಿರಬಹುದು, ಸೌದೆ ರಾಶಿಗೆ ಎಸೆಯಬೇಡಿ. ಒಣಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸಿಕ್ಕ ಜಾಗವನ್ನೂ ಆಳವನ್ನೂ ಬರೆದಿಟ್ಟು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೆ ತಿಳಿಸಿ.